ಕೊಂಡ ತುಂಬೆ, ಕದ್ದ ತುಂಬೆ

ನಮ್ಮ ಮನೆಗೊಂದು ಸಂವಿಧಾನವಿದೆ. ಅದನ್ನು ರಚಿಸಿದವರು ನಮ್ಮ ತಾಯಿ. ಅವರು ಹೋದ ಮೇಲೆ ಇಂದಿನವರೆಗೂ ಜಾರಿಯಲ್ಲಿಟ್ಟಿರುವವರು ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ. ತಿದ್ದುಪಡಿ ತರುವ ಅಧಿಕಾರ ಚಾಮರಾಜಪೇಟೆಯ ಆ ಮನೆಯಲ್ಲಿ ಯಾರಿಗೂ ಇಲ್ಲ. ಅದರ ಒಂದು ವಿಧಿ ಹೀಗಿದೆ: ಕಾರ್ತಿಕ ಮಾಸದ ಸೋಮವಾರಗಳಲ್ಲಿ ದೇವರ ಗೂಡಿನ ಲಿಂಗಕ್ಕೆ ತುಂಬೆ ಹೂವು ಏರಿಸದೆ ಮನೆಯ ಹಿರಿಯ ಹೆಂಗಸು ಬಾಯಿಗೆ ತುತ್ತಿಡುವಂತಿಲ್ಲ.

ಇದಕ್ಕೊಂದು ಉಪವಿಧಿಯೂ ಉಂಟು. ಆ ಹೂವನ್ನಾಗಲಿ ಗಿಡವನ್ನಾಗಲಿ ಕೊಂಡು ತಂದರೆ ಪುಣ್ಯವೆಲ್ಲ ಮಾರಿದವರಿಗೆ ಹೋಗುತ್ತದೆ. ಕೇಳಿ ತಂದರೆ ಅರ್ಧ ಕೊಟ್ಟವರಿಗೆ ಹೋಗುತ್ತದೆ. ತಾನಾಗಿ ಹುಟ್ಟಿದ್ದಾದರೆ ಪೂರ್ತಿ ನಮ್ಮದು. ಕದ್ದದ್ದಾದರೂ ಪೂರ್ತಿ ನಮ್ಮದೇ. ಕದಿಯುವುದಕ್ಕೆ ಧರ್ಮದ ಸಮ್ಮತಿಯಿದ್ದು ಕೊಳ್ಳುವುದಕ್ಕೆ ಇಲ್ಲದ ಇನ್ನೊಂದು ಸರಕನ್ನು ನಾನು ಕಂಡಿಲ್ಲ. ಈ ಕಾನೂನಿನ ಮೂಲ ಯಾವ ಶಾಸ್ತ್ರದಲ್ಲಿದೆ ಎಂದು ಒಮ್ಮೆ ಕೇಳಿದ್ದೆ. "ನಿಮ್ಮಮ್ಮ ಹೇಳಿದಾರೆ" ಎಂದರು ಅತ್ತಿಗೆ. ಅಲ್ಲಿಗೆ ಮೇಲ್ಮನವಿ ವಜಾ ಆಯಿತು.

ಮೊದಲು ಇದು ಕಷ್ಟವಾಗಿರಲಿಲ್ಲ. ಅಣ್ಣ ಮಾರುಕಟ್ಟೆಯಲ್ಲಿ ಸೊಪ್ಪಿನ ವ್ಯಾಪಾರ ಮಾಡುತ್ತಿದ್ದ. ಹಳ್ಳಿಗಳಿಂದ ಬರುವ ಕಟ್ಟುಗಳಲ್ಲಿ ಸೊಪ್ಪಿನ ಜೊತೆ ಕಳೆಯೂ ಬರುತ್ತಿತ್ತು. ಮಾರುವ ಮುಂಚೆ ಅದನ್ನು ಆರಿಸಿ ಬಿಸಾಡುವುದು ಅತ್ತಿಗೆಯ ಕೆಲಸ. ಮಾತಾಡುತ್ತ, ಬೈಯುತ್ತ, ನಗುತ್ತ, ಕಣ್ಣು ಬೇರೆಲ್ಲೋ ಇದ್ದರೂ ಅವರ ಎರಡು ಬೆರಳು ಕಟ್ಟಿನೊಳಗೆ ಹೋಗಿ ಕಳೆಯನ್ನಷ್ಟೇ ಹಿಡಿದು ಹೊರಗೆ ಬರುತ್ತಿದ್ದವು. ಹಾಗೆ ಬಂದ ಕಳೆಯಲ್ಲಿ ಹೂಬಿಟ್ಟ ತುಂಬೆಯ ಕಡ್ಡಿ ಇದ್ದರೆ ಅದು ಸೆರಗಿಗೆ ಹೋಗುತ್ತಿತ್ತು. ಯಾರೂ ಕೊಟ್ಟದ್ದಲ್ಲ, ಕೊಂಡದ್ದಲ್ಲ, ತಾನಾಗಿ ಬಂದದ್ದು. ಅದೂ ಸಾಲದಿದ್ದರೆ ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟಿತ್ತು. ಅದರ ಮಾಲೀಕರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ತುಂಬೆ, ಉತ್ತರಾಣಿ, ಎರಡು ನಾಯಿ ಮತ್ತು ಕೆಟ್ಟು ನಿಂತ ಒಂದು ಅಂಬಾಸಿಡರ್ ಕಾರು ಅಲ್ಲಿ ಅನ್ಯೋನ್ಯವಾಗಿ ಬಾಳುತ್ತಿದ್ದವು.

ಅಣ್ಣ ತೀರಿಕೊಂಡ, ಅಂಗಡಿ ಬೇರೆಯವರ ಕೈ ಸೇರಿತು. ಖಾಲಿ ಸೈಟಿನ ಮಾಲೀಕರು ಒಂದು ದಿನ ಪ್ರತ್ಯಕ್ಷರಾದರು. ಈಗ ಅಲ್ಲಿ ಕಾರು ನಿಲ್ಲಿಸಲು ಎರಡು ನೆಲಮಾಳಿಗೆಯುಳ್ಳ ಕಟ್ಟಡವಿದೆ. ಶಿವರಾತ್ರಿಗೆ ಗಾಂಧಿ ಬಜಾರಿನಲ್ಲಿ ತುಂಬೆ ಮಾರಲು ಬರುತ್ತದೆ, ನಿಜ. ಆದರೆ ಅದು ಕೊಳ್ಳುವ ತುಂಬೆ. ಅಣ್ಣನ ಮಗ ಒಂದು ಸಲ ಧೈರ್ಯ ಮಾಡಿ, "ಅಮ್ಮ, ಆನ್‌ಲೈನಲ್ಲಿ ತರಿಸ್ಬಹುದು" ಎಂದ.

"ತರಿಸು. ಹಂಗೇ ಊಟಾನೂ ಅದ್ರಲ್ಲೇ ಮಾಡ್ಕೊ" ಎಂದರು ಅತ್ತಿಗೆ.

ಅಂತೂ ಹಿಂದಿನ ವರ್ಷದ ಕಾರ್ತಿಕದಲ್ಲಿ ತುಂಬೆ ಸಿಗಲಿಲ್ಲ. ಅತ್ತಿಗೆ ಊಟ ಮಾಡಲಿಲ್ಲ. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಒಂದು ಸೋಮವಾರ ಮಧ್ಯಾಹ್ನ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅತ್ತಿಗೆ ಅಡಿಗೆಮನೆಯ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದರು, ತುಟಿ ಬೆಳ್ಳಗಾಗಿತ್ತು. ಬಾಯಿಗೆ ಸಕ್ಕರೆ ಹಾಕಲು ಹೋದರೆ ನನ್ನ ಕೈ ತಳ್ಳಿದರು.

ನಾನು ಮದುವೆಯೆಂಬ ಹುದ್ದೆಗೆ ಅರ್ಜಿ ಹಾಕದವನು. ಬಳೇಪೇಟೆಯ ಒಂದು ಅಚ್ಚುಕೂಟದಲ್ಲಿ ಊರವರ ಲಗ್ನಪತ್ರಿಕೆಗಳ ಕರಡು ತಿದ್ದಿ ನಿವೃತ್ತನಾದವನು. ಶಾಲೆಗೆ ಹೋಗುತ್ತಿದ್ದಾಗಲೇ ತಾಯಿ ಹೋದರು. ಅವತ್ತಿನಿಂದ ನನ್ನ ತಟ್ಟೆಗೆ ಅನ್ನ ಬಿದ್ದದ್ದು ಈ ಅತ್ತಿಗೆಯ ಕೈಯಿಂದ. ನಾನು ಉಂಡೆನೋ ಇಲ್ಲವೋ ಎಂದು ವಿಚಾರಿಸದೆ ಅವರು ಒಂದು ದಿನವೂ ತಟ್ಟೆ ಮುಂದೆ ಕೂತದ್ದಿಲ್ಲ. ಅಂಥವರು ನೆಲದ ಮೇಲೆ ಕೂತು ಸಕ್ಕರೆಗೆ ಬಾಯಿ ಬಿಗಿಹಿಡಿದದ್ದನ್ನು ನೋಡಿದ ಮೇಲೆ, ಮುಂದಿನ ಕಾರ್ತಿಕಕ್ಕೆ ತುಂಬೆ ತರುವುದು ನನ್ನ ಪಾಲಿನ ರಾಜಕಾರ್ಯವಾಯಿತು.

ಈ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಸವನಗುಡಿಯ ಕಡೆ ನಡೆಯುತ್ತಿದ್ದೆ. ಗಾಂಧಿ ಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಒಂದು ಮನೆಯ ಗೇಟಿನ ಪಕ್ಕ, ಹಾಲಿನ ಪ್ಯಾಕೆಟ್ಟಿನಲ್ಲಿ ತುಂಬೆ ನಿಂತಿತ್ತು. ಗೇಟಿಗೊಂದು ಬೋರ್ಡು: "ಗುಲಾಬಿ ಇಲ್ಲ. ಕ್ರೋಟನ್ ಇಲ್ಲ. ಲಾನ್ ಇಲ್ಲ. ಬೇರೆ ಏನು ಬೇಕೆಂದು ಯೋಚಿಸಿಕೊಂಡು ಒಳಗೆ ಬನ್ನಿ." ಅಂಗಡಿಯವರು ತಮ್ಮಲ್ಲಿ ಏನಿದೆಯೆಂದು ಬರೆಯುವುದನ್ನು ನೋಡಿದ್ದೇನೆ. ಏನಿಲ್ಲವೆಂದು ಬರೆಯುವವರ ಮೇಲೆ ನನಗೆ ತಕ್ಷಣ ಗೌರವ ಬಂತು.

ಮನೆಯ ಹಿತ್ತಲೇ ನರ್ಸರಿ. ನಾನು ಚಿಕ್ಕವನಾಗಿದ್ದಾಗ ಚಪ್ಪಲಿಯಡಿ ಸಿಕ್ಕಿಕೊಂಡು ನರಳಿದ ಸಮಸ್ತ ಸಸ್ಯಸಂಕುಲವೂ ಅಲ್ಲಿ ಹೆಸರಿನ ಚೀಟಿ ಕಟ್ಟಿಕೊಂಡು ಗಣ್ಯರಂತೆ ಸಾಲಾಗಿ ಕೂತಿತ್ತು. ನೀಲಿ ಹನಿಯಂಥ ವಿಷ್ಣುಕ್ರಾಂತಿ, ಹಳದಿ ಗೊಂಚಲಿನ ತಂಗಡಿ, ಮುಳ್ಳುಗೋರಂಟಿ. ಬೇಲಿಗೆ ಎಲೆಯ ತುದಿಯಿಂದಲೇ ಕೊಕ್ಕೆ ಹಾಕಿಕೊಂಡು ಹತ್ತಿದ ಗೌರಿ ಹೂವು. ಕೆಲವು ಕರಟದಲ್ಲಿ, ಕೆಲವು ಮೊಸರಿನ ಡಬ್ಬಿಯಲ್ಲಿ. ನಡುವೆ ಕಾಟನ್ ಸೀರೆ, ಕಾಲಿಗೆ ಕ್ರೀಡಾಪಟುವಿನ ಬೂಟು ತೊಟ್ಟ ಹಿರಿಯ ಹೆಂಗಸೊಬ್ಬರು ಪಿಚಕಾರಿಯಿಂದ ನೀರು ಚಿಮುಕಿಸುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು, ಇವರ ಮುಂದೆ ಸುಳ್ಳು ಹೇಳಿದರೆ ಪ್ರಯೋಗಾಲಯದಿಂದ ಹೊರಗೆ ಕಳಿಸುತ್ತಾರೆ ಎಂಬುದು.

"ಏನ್ ಬೇಕು?"

"ಸುಮ್ನೆ ನೋಡೋಣ ಅಂತ ಬಂದೆ, ಮೇಡಂ."

"ಸುಮ್ನೆ ನೋಡೋಕೆ ಲಾಲ್‌ಬಾಗ್ ಇದೆ. ಇಲ್ಲೇ ಹತ್ರ."

ನಾನು ಗಾಬರಿಯಲ್ಲಿ ವಿದ್ವತ್ತು ತೋರಿಸಲು ಹೊರಟೆ. "ಎಲ್ಲಾ ಇದೆ, ನಾಚಿಕೆ ಮುಳ್ಳು ಮಾತ್ರ ಕಾಣ್ತಿಲ್ಲ?"

"ಅದು ನಮ್ಮದಲ್ಲ. ದಕ್ಷಿಣ ಅಮೆರಿಕದ್ದು."

"ನಮ್ಮ ಸ್ಕೂಲ್ ಹಿಂದೇನೇ ಹುಟ್ಟಿತ್ತಲ್ಲ ಮೇಡಂ!"

"ಹುಟ್ಟಿರುತ್ತೆ. ಅಲ್ಲಿಂದ ಬಂದು ಹುಟ್ಟಿರುತ್ತೆ."

ಬಾಲ್ಯದಲ್ಲಿ ಮುಟ್ಟಿದ ಕೂಡಲೇ ತಲೆ ತಗ್ಗಿಸಿ ನನ್ನಲ್ಲಿ ಪೌರುಷದ ಭಾವನೆ ಮೂಡಿಸಿದ ಏಕೈಕ ಜೀವಿ ಅದು. ಅದೂ ಪರದೇಶಿಯಾಯಿತು. ಸಂಜೆಮಲ್ಲಿಗೆಯ ವಿಷಯ ಎತ್ತಿದೆ. ಅದೂ ಅಲ್ಲಿಯದೇ ಅಂತೆ. ಇನ್ನು ಕೇಳುತ್ತ ಹೋದರೆ ನಾನೂ ಎಲ್ಲಿಯವನೋ ಎಂಬ ಭಯ ಹುಟ್ಟಿ, ನೇರವಾಗಿ ತುಂಬೆಯ ಹೆಸರು ಹೇಳಿದೆ.

ತುಂಬೆ ನಮ್ಮದೇ. ಆದರೆ ಗಿಡ ಕೈಗೆ ಬರುವ ಮುಂಚೆ ವಿಚಾರಣೆ ನಡೆಯಿತು. ಎಲ್ಲಿಡ್ತೀರಿ? ತಾರಸಿ ಮೇಲೆ. ಬಿಸಿಲು? ಬೇಕಾದಷ್ಟು. ನೀರು ಹಾಕೋರ್ಯಾರು? ನಾನೇ. "ಗೊಬ್ಬರ ಹಾಕ್ಬೇಡಿ. ಮುದ್ದು ಮಾಡಿದ್ರೆ ಬರೀ ಎಲೆ ಬಿಡುತ್ತೆ, ಹೂ ಬಿಡಲ್ಲ. ಸ್ವಲ್ಪ ಅಸಡ್ಡೆಯಿಂದ ನೋಡ್ಕೊಳ್ಳಿ." ಅಸಡ್ಡೆಯಲ್ಲಿ ನನಗಿರುವ ಅನುಭವವನ್ನು ವಿವರಿಸಿ, ಎರಡು ಪ್ಯಾಕೆಟ್ ಎಳೆಯ ಸಸಿ ಕೊಂಡು ಬಂದೆ.

ಕೊಂಡು ಬಂದೆ ಎಂಬಲ್ಲೇ ತೊಡಕಿತ್ತು. ಅದಕ್ಕೂ ಒಂದು ಉಪಾಯ ಹೂಡಿದ್ದೆ. ಅತ್ತಿಗೆ ಮಧ್ಯಾಹ್ನ ಮಲಗಿದ್ದಾಗ ತಾರಸಿಗೆ ಹೋಗಿ, ಪ್ಯಾಕೆಟ್ಟುಗಳನ್ನು ಹರಿದು, ಸಸಿಗಳನ್ನು ಅವರ ದೊಡ್ಡಪತ್ರೆಯ ಕುಂಡದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು, ತಾನಾಗಿ ಹುಟ್ಟಿದಂತೆ ನೆಟ್ಟೆ. ಕಾರ್ತಿಕದ ಹೊತ್ತಿಗೆ ಹೂವು ಬಿಡುತ್ತದೆ, ಅತ್ತಿಗೆ ನೋಡುತ್ತಾರೆ, ಗುಬ್ಬಚ್ಚಿಯೋ ಗಾಳಿಯೋ ಬೀಜ ತಂದಿತೆಂದು ಕೈಮುಗಿಯುತ್ತಾರೆ. ಗುಬ್ಬಚ್ಚಿಯ ಪಾತ್ರ ನನ್ನದೆಂದು ಯಾರಿಗೂ ತಿಳಿಯುವುದಿಲ್ಲ. ಇಂಥ ಪರಿಪೂರ್ಣ ಸಂಚನ್ನು ನಾನು ಮೊದಲು ಹೂಡಿರಲಿಲ್ಲ. ಆಮೇಲೆಯೂ ಹೂಡಿಲ್ಲ.

ಪಿತೃಪಕ್ಷ ಮುಗಿಯುತ್ತ ಬಂದು ನವರಾತ್ರಿ ಹತ್ತಿರವಾದಾಗ ಒಂದು ಭಾನುವಾರ ಅತ್ತಿಗೆ ಬಜ್ಜಿಗೆ ದೊಡ್ಡಪತ್ರೆ ಕೀಳಲು ತಾರಸಿಗೆ ಹೋದರು. ಬಟ್ಟೆ ಒಣಹಾಕುತ್ತ ನಾನೂ ಅಲ್ಲೇ ಇದ್ದೆ. ಪಕ್ಕದ ತಾರಸಿಯಲ್ಲಿ ನೆರೆಮನೆಯಾಕೆ ಕಾಣಿಸಿಕೊಂಡರು. ಹುರುಳೀಕಾಯಿಯ ಬೆಲೆಯ ಬಗ್ಗೆ ಮಾತು ಶುರುವಾಯಿತು. ಅತ್ತಿಗೆಯ ಕಣ್ಣು ನೆರೆಮನೆಯ ಮೇಲಿತ್ತು, ಬಾಯಿ ಹುರುಳೀಕಾಯಿಯ ಮೇಲಿತ್ತು. ಎರಡು ಬೆರಳು ಮಾತ್ರ ಸೊಪ್ಪಿನಂಗಡಿಯ ಹಳೆಯ ಚಾಕರಿಗೆ ಹಾಜರಾಗಿ ಕುಂಡದೊಳಗೆ ಇಳಿದವು.

ನನ್ನ ಕೈಯಲ್ಲಿ ಒದ್ದೆ ಪಂಚೆಯಿತ್ತು. "ಅತ್ಗೆ!" ಎನ್ನುವಷ್ಟರಲ್ಲಿ ತುಂಬೆಯ ಸಸಿಗಳೆಲ್ಲ ಬೇರು ಸಮೇತ ಹೊರಗೆ ಬಂದು ಗೋಡೆಯ ಬುಡದಲ್ಲಿ ಬಿದ್ದಿದ್ದವು.

"ಏನೋ ಹಂಗ್ ಕೂಗ್ತೀಯ, ಹಾವು ಬಂತಾ?" ಎಂದ ಅತ್ತಿಗೆ, ಮೂಗಿನ ಮೇಲೆ ಕೂತ ನೊಣ ಓಡಿಸಲು ಕೈ ಎತ್ತಿದರು. ಕೈ ಅಲ್ಲೇ ನಿಂತಿತು. ಬೆರಳನ್ನು ಮೂಸಿದರು. ಇನ್ನೊಂದು ಸಲ ಮೂಸಿದರು. ತುಂಬೆಯ ಎಲೆ ಹಿಚುಕಿದರೆ ಬರುವ ಖಾರವಾದ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಹೂವಿಲ್ಲದ ಎಳೆ ಸಸಿಯನ್ನು ಗುರುತಿಸದೆ ಕಿತ್ತ ಬೆರಳೇ ಈಗ ಹೆಸರು ಹೇಳಿತ್ತು.

"ಇದು ತುಂಬೆ ಕಣೋ" ಎಂದರು ಮೆಲ್ಲಗೆ. ಬಗ್ಗಿ ಸಸಿಗಳನ್ನು ಆರಿಸಿ ಅಂಗೈಯಲ್ಲಿ ಹಾಕಿಕೊಂಡರು. "ಈಶ್ವರ ತಾನಾಗಿ ಮನೆಗೆ ಬಂದ. ನಾನೇ ಕಿತ್ತು ಬಿಸಾಡ್ದೆ."

ಅವರ ಮುಖ ನೋಡಿದ ಮೇಲೆ ಗುಬ್ಬಚ್ಚಿಯ ಪಾತ್ರ ಮುಂದುವರಿಸಲಾಗಲಿಲ್ಲ. "ಅವನು ತಾನಾಗಿ ಬಂದಿಲ್ಲ ಅತ್ಗೆ. ನಾನು ಕರ್ಕೊಂಡ್ ಬಂದೆ. ಬಸವನಗುಡಿಯಿಂದ" ಎಂದೆ.

"ಕೇಳಿ ತಂದ್ಯಾ?"

"ಇಲ್ಲ. ನರ್ಸರೀಲಿ ಕೊಂಡ್ಕೊಂಡು."

ಅತ್ತಿಗೆ ನೆಟ್ಟಗೆ ನಿಂತರು. ಕಣ್ಣೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. "ಅದಕ್ಕೇ!" ಎಂದರು. "ಅದಕ್ಕೇ ನನ್ ಕೈ ಕಿತ್ತಿದ್ದು! ದುಡ್ಡು ಕೊಟ್ಟು ತಂದಿದ್ದು ನಿಲ್ಲುತ್ತಾ? ನಿಮ್ಮಮ್ಮ ಸುಮ್ನೆ ಹೇಳಿದ್ರಾ?"

ಹೀಗೆ, ಗಿಡ ಕಿತ್ತವರು ನಿರ್ದೋಷಿಗಳೆಂದೂ ತಂದವನು ಅಪರಾಧಿಯೆಂದೂ ತೀರ್ಪಾಯಿತು. ನೆರೆಮನೆಯಾಕೆಯೂ ಒಪ್ಪಿ ತಲೆಯಾಡಿಸಿದರು. ಅತ್ತಿಗೆಯ ಕಣ್ಣೀರು ನಿಂತದ್ದೇ ಸಾಕು ಎಂದು ನಾನು ಶಿಕ್ಷೆಯನ್ನು ಸಂತೋಷದಿಂದ ಸ್ವೀಕರಿಸಿದೆ. ಆದರೆ ಸಂಜೆ ದೀಪ ಹಚ್ಚುವಾಗ ನೋಡಿದೆ. ದೇವರ ಗೂಡಿನ ಮುಂದೆ ಒಂದು ಲೋಟ ನೀರಿನಲ್ಲಿ ಆ ಸಸಿಗಳನ್ನು ನಿಲ್ಲಿಸಿದ್ದರು. ಅವು ಬಾಡಿದವು. ಕಾರ್ತಿಕ ಬರುತ್ತಲೇ ಇತ್ತು.

ದಸರಾ ಕಳೆದ ಮೇಲೆ ಅತ್ತಿಗೆಯೇ ಮಾತೆತ್ತಿದರು. "ಆ ನರ್ಸರಿ ಎಲ್ಲಿದೆ ಅಂದೆ?"

"ಗಾಂಧಿ ಬಜಾರ್ ಹಿಂದೆ. ಯಾಕೆ?"

"ಸುಮ್ನೆ. ನೋಡ್ಕೊಂಡ್ ಬರೋಣ." ಇಷ್ಟು ಹೇಳಿ ಅವರು ಬೀರುವಿನಿಂದ ಅಗಲವಾದ ಸೆರಗಿನ ಸೀರೆ ತೆಗೆದಾಗ ನನಗೆ ಅನುಮಾನ ಬರಬೇಕಿತ್ತು.

ಆಟೋ ಇಳಿದು ಹಿತ್ತಲಿಗೆ ಹೋದೆವು. ಅತ್ತಿಗೆ ಸಾಲಿನುದ್ದಕ್ಕೂ ಸಗಟು ಮಾರುಕಟ್ಟೆಯ ಗತ್ತಿನಲ್ಲಿ ನಡೆದರು. "ಅಯ್ಯೋ, ಹೊನಗೊನೆ ಸೊಪ್ಪಿಗೆ ಕುಂಡ! ಇದನ್ನ ನಾವು ಸಾರಿಗೆ ಹಾಕ್ತೀವಿ ಕಣ್ರೀ." ಬೆರಳು ಪಕ್ಕದ ಕರಟಕ್ಕೆ ಇಳಿಯಿತು.

"ಕೈ ತೆಗೀರಿ!" ಎಂದರು ಮೇಡಂ.

"ಕಳೆ ಬೆಳೆದಿದೆಯಲ್ಲಮ್ಮ."

"ಇಲ್ಲಿರೋದೆಲ್ಲ ಕಳೇನೇ. ಅದಕ್ಕೇ ಇಟ್ಟಿರೋದು."

ಇಬ್ಬರೂ ಒಬ್ಬರನ್ನೊಬ್ಬರು ಅಳೆದರು. ಎರಡು ಸಾಮ್ರಾಜ್ಯಗಳ ಗಡಿಯಲ್ಲಿ ನಿಂತ ವ್ಯಾಪಾರಿಯಂತೆ ನಾನು ನಡುವೆ ಹೋಗಿ, ಸಸಿಗಳಿಗಾದ ಗತಿಯನ್ನೂ ಹೋದ ವರ್ಷ ಅಡಿಗೆಮನೆಯಲ್ಲಿ ನಡೆದದ್ದನ್ನೂ ಹೇಳಿದೆ. ಮೇಡಂ ಪಿಚಕಾರಿ ಕೆಳಗಿಟ್ಟರು. "ದುಡ್ಡೇನೂ ಬೇಡ. ತಗೊಂಡ್ಹೋಗಿ, ಈ ಸಲ ಊಟ ಬಿಡ್ಬೇಡಿ" ಎಂದರು.

"ಬೇಡಮ್ಮ" ಎಂದರು ಅತ್ತಿಗೆ, ವಿನಯದಿಂದ. "ನೀವು ಕೊಟ್ರೆ ಅರ್ಧ ನಿಮಗೆ ಹೋಗುತ್ತೆ."

"ಏನರ್ಧ?"

ನಾನು ಮನೆಯ ಕಾನೂನನ್ನು ವಿಧಿ ಉಪವಿಧಿ ಸಹಿತ ವಿವರಿಸಿದೆ. ಒಂದು ಆಯುಷ್ಯವಿಡೀ ಸಮೀಕರಣದ ಎರಡೂ ಬದಿ ಸರಿದೂಗಿಸಿದ ಆ ಅಧ್ಯಾಪಕಿ ಎಲ್ಲವನ್ನೂ ಕೇಳಿ, ಅತ್ತಿಗೆಯ ಸೆರಗಿನ ಅಗಲವನ್ನು ಒಮ್ಮೆ ನೋಡಿದರು. ನಗಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ.

"ಒಲೆ ಮೇಲೆ ಹಾಲಿಟ್ಟಿದೀನಿ. ಕಾಯೋಕೆ ಹೊತ್ತಾಗುತ್ತೆ" ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು. ಅತ್ತಿಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲು ನೋವಿನವರು, ಬೆಕ್ಕಿನ ಹೆಜ್ಜೆಯಿಡುತ್ತ ತುಂಬೆಯ ಸಾಲಿಗೆ ಹೋಗಿ ಬಗ್ಗಿದರು. ಕೈ ಗಿಡಕ್ಕೆ ತಾಗಿತೋ ಇಲ್ಲವೋ, ಅಡಿಗೆಮನೆಯ ಕಿಟಕಿಯಿಂದ ಪಾಠ ಹೇಳುವ ದನಿ ಬಂತು: "ಮುಂದಿನ ಸಾಲಿಂದು ಬೇಡ, ಅದಕ್ಕೆ ಹೇನು ಹತ್ತಿದೆ! ಹಿಂದೆ ಮೊಗ್ಗು ಬಂದಿರೋದಿದೆ!"

ಅತ್ತಿಗೆ ಬೆಚ್ಚಿ ನನ್ನ ಕಡೆ ತಿರುಗಿದರು. "ಯಾರಿಗ್ ಹೇಳ್ತಿದಾರೋ?" ಎಂದು ಪಿಸುಗುಟ್ಟಿದರು.

"ಹಾಲಿಗೆ, ಅತ್ಗೆ."

"ಹಂಗಾದ್ರೆ ಸರಿ" ಎಂದು ಹಿಂದಿನ ಸಾಲಿಗೆ ಹೋದರು.

"ಪ್ಯಾಕೆಟ್ ಸಮೇತ ಎತ್ತಬೇಕು! ಬೇರು ಅಲುಗಾಡಿದ್ರೆ ಸತ್ತೋಗುತ್ತೆ!" ಎಂದು ಮೇಡಂ ಹಾಲಿಗೆ ಮತ್ತೆ ತಿಳಿಸಿದರು.

ಕಳ್ಳತನ ಸಾಂಗವಾಗಿ ನೆರವೇರಿತು. ಮೇಡಂ ಹೊರಗೆ ಬಂದಾಗ ಅತ್ತಿಗೆ ಸೆರಗನ್ನು ಹೊಟ್ಟೆಗೆ ಅವುಚಿಕೊಂಡು ಗೇಟಿನ ಬಳಿ ನಿಂತಿದ್ದರು. ಸೆರಗಿನ ಮೇಲಿಂದ ತುಂಬೆಯ ತುದಿ ಇಣುಕಿ ಊರು ನೋಡುತ್ತಿತ್ತು.

"ಏನೂ ತಗೊಳ್ಳಿಲ್ವಾ?"

"ಇಲ್ಲಮ್ಮ, ಇನ್ನೊಂದ್ಸಲ ಬರ್ತೀವಿ."

"ಬನ್ನಿ. ಬಿಸಿಲಿರೋ ಕಡೆ ಇಡಿ" ಎಂದ ಮೇಡಂ, "ಮನೇಲಿ ಏನಾದ್ರೂ ಇದ್ರೆ" ಎಂದು ಸೇರಿಸಿದರು.

ಕಾರ್ತಿಕದ ಮೊದಲ ಸೋಮವಾರ ಬೆಳಿಗ್ಗೆ ತಾರಸಿಯ ಮೇಲೆ ತುಂಬೆ ಹೂಬಿಟ್ಟಿತ್ತು. ಕಡ್ಡಿಯನ್ನು ಸುತ್ತಿದ ಹಸಿರು ಮುಳ್ಳಿನ ಉಂಡೆಯಿಂದ ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ಬಿಳಿ ಹೂಗಳು ನಾಲಿಗೆ ಚಾಚಿದ್ದವು. ಜೇನ್ನೊಣ ನಮಗಿಂತ ಮುಂಚೆ ಬಂದು ಕೂತಿತ್ತು. ಅತ್ತಿಗೆ ಅದು ಏಳುವವರೆಗೂ ಕಾದರು. ಆಮೇಲೆ ಅದೇ ಎರಡು ಬೆರಳಿನಿಂದ, ಈ ಸಲ ಕಣ್ಣೂ ಅಲ್ಲೇ ಇಟ್ಟು, ಒಂದೊಂದೇ ಹೂವನ್ನು ಎಳೆದು ಬಟ್ಟಲಿಗೆ ಹಾಕಿದರು. ಲಿಂಗದ ತಲೆಗೆ ಏರಿಸಿ ಕೈಮುಗಿದು, ಅಡಿಗೆಮನೆಗೆ ಬಂದು ಮಾತ್ರೆ ನುಂಗಿ, ತಟ್ಟೆಗೆ ಉಪ್ಪಿಟ್ಟು ಹಾಕಿಕೊಂಡು ಕೂತರು.

ನಾನು ಎದುರಿಗೆ ಪೇಪರ್ ಹಿಡಿದು ಕೂತಿದ್ದೆ. ಒಂದು ಅಕ್ಷರವೂ ಓದಿರಲಿಲ್ಲ.

"ಏನೋ ಹಂಗ್ ನೋಡ್ತೀಯ? ಜನ ತಿನ್ನೋದು ನೋಡಿಲ್ವಾ?"

"ಉಪ್ಪು ಸರಿಯಾಗಿದೆಯಾ ಅತ್ಗೆ?"

"ನಾನ್ ಮಾಡಿದ್ದಕ್ಕೆ ನೀನ್ಯಾವನೋ ಉಪ್ಪು ಕೇಳೋಕೆ" ಎಂದು ಇನ್ನೊಂದು ಸೌಟು ಬಡಿಸಿಕೊಂಡರು. ಆ ಎರಡನೆಯ ಸೌಟನ್ನು ನಾನು ಜೀವಮಾನದ ಗೌರವಗಳಲ್ಲಿ ಒಂದೆಂದು ಎಣಿಸಿಕೊಂಡಿದ್ದೇನೆ.

ಇಷ್ಟಾದ ಮೇಲೆ ಒಂದು ತೊಂದರೆ ಉಳಿಯಿತು. ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಹುದು. ಕದ್ದ ಮಾಲಿಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಹೇಳಿದರೆ ಅದು ಕೊಟ್ಟದ್ದೆಂದು ಒಪ್ಪಿಕೊಂಡಂತೆ. ಅರ್ಧ ಪುಣ್ಯ ಕೈಬಿಟ್ಟಿತು. ನಾನು ಬಹಳ ದಿನ ಇದನ್ನು ಯೋಚಿಸಿದೆ. ಅತ್ತಿಗೆ ಯೋಚಿಸಲಿಲ್ಲ, ಹೂವು ಉದುರಿದ ಉಂಡೆಗಳು ಒಣಗುವುದನ್ನೇ ಕಾದು, ಅಂಗೈ ಮೇಲೆ ತಟ್ಟಿ, ಸಾಸಿವೆಗಿಂತ ಸಣ್ಣ ಬೀಜಗಳನ್ನು ಪೇಪರಿನ ಪೊಟ್ಟಣದಲ್ಲಿ ಕಟ್ಟಿಟ್ಟರು.

ಕಡೇ ಕಾರ್ತಿಕ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಜನಸಾಗರದಲ್ಲಿ ಈಜಿ ಒಂದು ಚೀಲ ಕಡಲೆಕಾಯಿ ಕೊಂಡು, ಅತ್ತಿಗೆ ನನ್ನನ್ನು ಅದೇ ಅಡ್ಡರಸ್ತೆಗೆ ಎಳೆದುಕೊಂಡು ಹೋದರು. ಕಡಲೆಕಾಯಿಯನ್ನು ಮೇಡಂ ಕೈಗೆ ಕೊಟ್ಟು, "ಪರಿಷೆಗೆ ಬಂದಿದ್ವಿ, ಹಂಗೇ ಬಂದ್ವಿ" ಎಂದರು. ತುಂಬೆಯ ಮಾತೇ ಇಲ್ಲ. ಮೇಡಂ ಚೀಲದೊಳಗೆ ನೋಡಿದರು, ಅತ್ತಿಗೆಯ ಮುಷ್ಟಿಯಲ್ಲಿದ್ದ ಪೊಟ್ಟಣ ನೋಡಿದರು.

"ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಒಳಗೆ ಹೋದರು.

ಅತ್ತಿಗೆ ಎಡಕ್ಕೆ ನೋಡಿ ಬಲಕ್ಕೆ ನೋಡಿ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಖಾಲಿ ಕುಂಡವೊಂದರ ಮೇಲೆ ಬೀಜ ಉದುರಿಸಿದರು. ಅಂಗೈಯಿಂದ ಮಣ್ಣು ಎಳೆಯಲು ಹೊರಟಾಗ ಕಿಟಕಿಯಿಂದ ದನಿ ಬಂತು.

"ಮೇಲೆ ಮಣ್ಣು ಮುಚ್ಚಬಾರದು! ಬೆಳಕು ಬೇಕು ಅದಕ್ಕೆ!"

ಈ ಸಲ ಅತ್ತಿಗೆ ಬೆಚ್ಚಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಕುಂಡದ ಮೇಲೆ ಬಗ್ಗಿದ್ದಂತೆಯೇ ಗಟ್ಟಿಯಾಗಿ ಹೇಳಿದರು:

"ನಿಮ್ ಹಾಲು ನೋಡ್ಕೊಳ್ರೀ, ಉಕ್ಕೋಗುತ್ತೆ!"